ಮೂರು ಬಡಿತ, ತಡೆದು ಎರಡು

ಮೂರು ವರ್ಷಗಳ ಹಿಂದಿನ ಜನವರಿ. ಶನಿವಾರ, ಹುಣ್ಣಿಮೆಗೆ ಮೂರು ದಿನ ಬಾಕಿ. ಬೆಳಗಿನ ನಾಲ್ಕು ಗಂಟೆಗೆ ಉಗಾರ ಬುದ್ರುಕದ ನಮ್ಮ ಓಣಿಯ ಕಟ್ಟೆಯ ಮುಂದೆ ಹಾಜರಿದ್ದವರು, ನನ್ನನ್ನೂ ಸೇರಿಸಿ, ಇಪ್ಪತ್ತೆರಡು ಜನ. ಹೆಂಗಸರು ಹದಿಮೂರು, ಗಂಡಸರು ಒಂಬತ್ತು. ಎಲ್ಲರೂ ಅರವತ್ತು ದಾಟಿದವರು. ಬಾಡಿಗೆ ಬಸ್ಸು ಐದು ನಿಮಿಷ ತಡವಾಗಿ ಬಂತು. ಚಾಲಕನಿಗೆ ಅದನ್ನು ತಿಳಿಸಿಯೇ ಹತ್ತಿದೆ.

ನಾನು ಚಿಕ್ಕೋಡಿಯ ಒಂದು ಬಾಲಕಿಯರ ವಸತಿ ನಿಲಯದಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವಳು. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಊಟಕ್ಕೆ ಒಂದು ಗಂಟೆ, ದೀಪ ಆರಿಸಲು ಒಂದು ಗಂಟೆ. ಸಂಜೆ ಪ್ರಾರ್ಥನೆಗೆ ಹೋಗುವಾಗ ಹುಡುಗಿಯರು ಚಪ್ಪಲಿಗಳನ್ನು ಬಾಗಿಲ ಹೊರಗೆ ಸಾಲಾಗಿ ಬಿಡಬೇಕು. ನಾನು ತಲೆ ಎಣಿಸುತ್ತಿರಲಿಲ್ಲ, ಚಪ್ಪಲಿ ಎಣಿಸುತ್ತಿದ್ದೆ. ತಲೆಗಳು ಅತ್ತಿತ್ತ ಅಲುಗಾಡುತ್ತವೆ, ಚಪ್ಪಲಿಗಳು ಅಲುಗಾಡುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ.

ನಾವು ಹೊರಟಿದ್ದು ಕಾರವಾರದ ಕಡೆಯ ಒಂದು ಕಡಲ ವಿಜ್ಞಾನ ಕೇಂದ್ರಕ್ಕೆ. ಅಂದು ಅಲ್ಲಿ ಸಾರ್ವಜನಿಕರಿಗೆಂದೇ ಕಾರ್ಯಕ್ರಮವಿತ್ತು. ಬಂದವರಿಗೆ ಸಮುದ್ರದ ಜೀವಿಗಳನ್ನು ತೋರಿಸಿ ವಿವರಿಸುವ ಕೆಲಸದಲ್ಲಿದ್ದವಳು ಸವಿತಾ. ಅಥಣಿ ಕಡೆಯ ಅನಂತಪುರದ ಕುರಿ ಕಾಯುವವರ ಮನೆಯ ಹುಡುಗಿ, ನನ್ನ ನಿಲಯದಲ್ಲಿ ಆರು ವರ್ಷ ಇದ್ದವಳು. "ಅಕ್ಕೋರ, ನಿಮ್ಮ ಓಣಿಯವರನ್ನ ಎಲ್ಲಾ ಕರಕೊಂಡು ಒಮ್ಮೆ ಬರ್ರಿ" ಎಂದು ಫೋನು ಮಾಡಿ ಮಾಡಿ ಒಪ್ಪಿಸಿದ್ದಳು. ನಮ್ಮಲ್ಲಿ ಸಮುದ್ರ ನೋಡಿದವರು ಮೂರೋ ನಾಲ್ಕೋ ಜನ ಮಾತ್ರ.

ಬಸ್ಸಿನಲ್ಲಿ ಸಿದರಾಯಣ್ಣನದೇ ಮಾತು. ಎಪ್ಪತ್ತನಾಲ್ಕು ವಯಸ್ಸು. ಸೇತುವೆ ಆಗುವ ಮುಂಚೆ ಕೃಷ್ಣೆಯಲ್ಲಿ ದೋಣಿ ಹಾಕಿ ಜನರನ್ನು ದಾಟಿಸುತ್ತಿದ್ದವನು.

"ಸಮುದ್ರ ಅಂದ್ರ ಏನ್ರಿ ಅಕ್ಕೋರ, ನಮ್ಮ ಹೊಳಿ ನಾಕು ಕೂಡಿಸಿದಂಗ ಇರಬೇಕು. ನಾ ನೀರಾಗ ದುಡದಾವ, ನನಗೇನು ತೋರಸ್ತಾರ?"

ಹಿಂದಿನ ಸೀಟಿನಿಂದ ಅವನ ಹೆಂಡತಿ ತಂಗೆವ್ವ, "ಹೌದ್ರಿ, ನೀರಾಗ ದುಡದಾರ. ಮನ್ಯಾಗ ಒಂದು ತಂಬಗಿ ನೀರು ತುಂಬಿಲ್ಲ" ಎಂದಳು. ಬಸ್ಸೆಲ್ಲ ನಕ್ಕಿತು. ಸಿದರಾಯಣ್ಣ ತನ್ನ ಬಿದಿರು ಕೋಲನ್ನು ಎರಡು ಸಲ ಕುಟ್ಟಿದ.

ಹನ್ನೆರಡಕ್ಕೆ ಮುಟ್ಟಿದೆವು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಊಟ ಮುಗಿಸಿ, ಒಂದೂವರೆಗೆ ಗಾಜಿನ ತೊಟ್ಟಿಗಳನ್ನು ನೋಡಿದೆವು. ನಕ್ಷತ್ರ ಮೀನನ್ನು ಎಲ್ಲರೂ ಒಂದೊಂದು ಬೆರಳಿನಿಂದ ಮುಟ್ಟಿದರು. ಕಡಲ ಸೌತೆ ಎಂಬ ಪ್ರಾಣಿಯನ್ನು ನೋಡಿ ತಂಗೆವ್ವ, "ಇದರದು ಪಲ್ಯ ಮಾಡತಾರೇನವಾ?" ಎಂದು ಕೇಳಿದಳು. ಸವಿತಾ ನಕ್ಕು ನಕ್ಕು ಸುಸ್ತಾದಳು. ಅಲ್ಲಿಯವರೆಗೆ ಎಲ್ಲವೂ ವೇಳೆಗೆ ಸರಿಯಾಗಿ ನಡೆದಿತ್ತು.

ಎರಡೂ ಮುಕ್ಕಾಲಿಗೆ ದಂಡೆಗೆ ಇಳಿದೆವು. ನೀರು ದೂರ ಸರಿದು ಕಪ್ಪು ಬಂಡೆಗಳು ಬಯಲಾಗಿದ್ದವು. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಸಣ್ಣ ಮೀನು, ಹೂವಿನಂತೆ ಅರಳುವ ಪ್ರಾಣಿ.

ಸವಿತಾ ಕೊರಳಿನ ಸೀಟಿಯನ್ನು ತೋರಿಸಿ ಹೇಳಿದಳು: "ಮೂರೂ ಕಾಲಿಗೆ ನೀರು ತಿರುಗತೈತ್ರಿ. ನಾಕೂ ಕಾಲಿಗೆ ನಾ ಸೀಟಿ ಊದತೀನಿ, ಊದಿದ ಕೂಡಲೆ ಎಲ್ಲಾರೂ ಹೊಳ್ಳಿ ಬರಬೇಕು. ಚಪ್ಪಲಿ ಮ್ಯಾಲೆ ಗಾಳಿಮರದ ಬುಡಕ ಬಿಡ್ರಿ."

ಗಾಳಿಮರದ ಕೆಳಗೆಲ್ಲ ಮುಳ್ಳುಮುಳ್ಳಾದ ಕಾಯಿ ಬಿದ್ದಿದ್ದವು. ವಯಸ್ಸಾದವರ ಕಾಲು, ಬರಿಗಾಲಲ್ಲಿ ಅಷ್ಟು ದೂರ ಯಾಕೆ ನಡೆಯಬೇಕು ಎಂದು ನಾನು ಕೆಳಗೆ ಗಟ್ಟಿ ಮರಳಿನ ಮೇಲೇ ಸಾಲು ಹಾಕಿಸಿದೆ. ಸವಿತಾ ಏನೋ ಹೇಳಲು ಬಾಯಿ ತೆರೆದಳು. ಆರು ವರ್ಷ ನನ್ನ ಗಂಟೆಗೆ ಎದ್ದು ಕೂತವಳು, ಸುಮ್ಮನಾದಳು. ಇಪ್ಪತ್ತೆರಡು ಜೋಡು. ಕೊನೆಗೆ ಬಂದವನು ಸಿದರಾಯಣ್ಣ. ಅವನ ಅಥಣಿ ಚರ್ಮದ ದಪ್ಪ ಚಪ್ಪಲಿಗಳು ಸಾಲಿನ ಕೆಳತುದಿಯಲ್ಲಿ, ಸಮುದ್ರದ ಕಡೆಗೆ ಉಳಿದವು.

ಅವನಿಗೆ ಸವಿತಾಳ ಮಾತು ಹಿಡಿಸಿರಲಿಲ್ಲ. "ಮ್ಯಾಲ ಮಳಿ ಇಲ್ಲ, ಯಾವ ಡ್ಯಾಮೂ ಬಿಟ್ಟಿಲ್ಲ. ನೀರು ಹೆಂಗ ಏರತೈತಿ ತಂಗಿ?"

"ಚಂದ್ರ ಎಳೀತಾನ ಅಜ್ಜಾ."

"ಚಂದ್ರ ನಮ್ಮ ಹೊಳಿ ಮ್ಯಾಲೂ ಬರತಾನವಾ. ಒಂದು ದಿನ ಎಳದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕು, "ಸಿದರಾಯಣ್ಣ ಹೇಳೂದರಾಗೂ ಖರೆ ಐತಿ" ಎಂದೆ. ಚಂದ್ರನ ಪಾಠವನ್ನು ನಾನೂ ಶಾಲೆಯಲ್ಲಿ ಓದಿದ್ದೆ. ಆದರೆ ಹೊಳೆಯ ದಂಡೆಯ ಮೇಲೆ ಹುಟ್ಟಿದವರಿಗೆ ನೀರು ಅಂದರೆ ಮೇಲಿನಿಂದ ಬರುವಂಥದ್ದು. ನಮ್ಮಲ್ಲಿ ಹೊಳೆ ಏರುವ ದಿನಗಳಲ್ಲಿ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಅದನ್ನೇ ನೋಡುತ್ತ ಕೂರುತ್ತಾರೆ. ಕಡ್ಡಿ ಮುಳುಗಿದರೆ ದನ ಬಿಚ್ಚಿಕೊಂಡು ಮೇಲಕ್ಕೆ ಹೋಗಬೇಕು. ಸಿದರಾಯಣ್ಣ ಯಾರಿಗೂ ಹೇಳದೆ ಅದನ್ನೇ ಮಾಡಲು ಬಂಡೆಗಳನ್ನು ದಾಟಿ ಆ ಬದಿಗೆ ಹೋದ. ಇದು ನಮಗೆ ಆಮೇಲೆ ತಿಳಿದದ್ದು.

ನಾಲ್ಕೂ ಕಾಲಿಗೆ ಸೀಟಿ ಕೇಳಿತು. ಎಲ್ಲರೂ ಬಂದು ಚಪ್ಪಲಿ ಮೆಟ್ಟಿ ಮೇಲೆ ನಡೆದರು. ನಾನು ಕೊನೆಗೆ ನಿಂತು ಸಾಲು ಇದ್ದ ಜಾಗವನ್ನು ನೋಡಿದೆ. ಒಂದು ಚಪ್ಪಲಿಯೂ ಉಳಿದಿರಲಿಲ್ಲ. ಕೆಳತುದಿಯ ಮರಳು ಒದ್ದೆಯಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನೂ ನೋಡಿದೆ.

"ಎಲ್ಲಾರೂ ಬಂದ್ರೇನ್ರಿ ಅಕ್ಕೋರ?" ಸವಿತಾ ಕೇಳಿದಳು.

"ಬಂದಾರ" ಎಂದೆ.

ಮುಂದಿನ ಕಾರ್ಯಕ್ರಮ ಸಭಾಂಗಣದಲ್ಲಿ. ಹೆಂಗಸರು ಈ ಕಡೆ, ಗಂಡಸರು ಆ ಕಡೆ ಕೂತರು. ಚಹಾ ಆಯಿತು, ಒಂದು ಸಣ್ಣ ಚಿತ್ರ ತೋರಿಸಿದರು. ಆಮೇಲೆ ಸವಿತಾ ಪರದೆಗಳನ್ನು ಎಳೆದು ಕತ್ತಲು ಮಾಡಿದಳು. "ಸಮುದ್ರದ ತಳಕ್ಕ ಒಂದು ಮೈಕು ಬಿಟ್ಟೀವ್ರಿ. ನೀವೀಗ ನಿಂತು ಬಂದ ಬಂಡೆಗೋಳ ಹಿಂದ. ಈ ಗಳಿಗ್ಯಾಗ ನೀರಿನ ಒಳಗ ಏನು ಸಪ್ಪಳ ಐತಿ, ಅದನ್ನ ಕೇಳಸ್ತೀನಿ. ಕಣ್ಣು ಮುಚ್ಚಿಕೊಂಡು ಕೂಡ್ರಿ."

ಮೊದಲು ಏನೂ ಇಲ್ಲ. ಆಮೇಲೆ ಜೋಳದ ಅಳ್ಳು ಹುರಿದಂತೆ ಚಟಪಟ, ಚಟಪಟ. ಅದು ಸಣ್ಣ ಸೀಗಡಿಗಳು ಇಕ್ಕಳದಂಥ ಕಾಲು ಬಡಿಯುವ ಶಬ್ದವಂತೆ. ನೀರಿನ ತಳ ಮೌನವಾಗಿರುತ್ತದೆ ಎಂದುಕೊಂಡಿದ್ದೆ. ಅದು ತುಂಬಿದ ಸಂತೆಯ ಹಾಗಿತ್ತು. ಕತ್ತಲಲ್ಲಿ ಆ ಸದ್ದು ನಮ್ಮ ಕಾಲಿನ ಕೆಳಗಿನಿಂದಲೇ ಬರುತ್ತಿದ್ದಂತೆ ಅನಿಸಿತು.

ಐದೂ ಕಾಲರ ಸುಮಾರಿಗೆ ಬೇರೆ ಸದ್ದು ಬಂತು. ಟಕ್, ಟಕ್, ಟಕ್. ಸ್ವಲ್ಪ ತಡೆದು ಟಕ್, ಟಕ್.

ಸವಿತಾ ಧ್ವನಿಪೆಟ್ಟಿಗೆಯ ಸದ್ದು ಹೆಚ್ಚಿಸಿದಳು. "ಇದೇನೋ ಗೊತ್ತಿಲ್ರಿ. ನಾ ಎಂದೂ ಕೇಳಿಲ್ಲ" ಎಂದಳು. ಅವಳ ಧ್ವನಿ ಸಣ್ಣದಾಗಿತ್ತು.

ಮತ್ತೆ ಮೂರು. ತಡೆದು ಎರಡು.

ನನ್ನ ಪಕ್ಕದಲ್ಲಿ ತಂಗೆವ್ವ ಎದ್ದು ನಿಂತಳು. ಕತ್ತಲಲ್ಲಿ ಅವಳ ಬಳೆ ಸದ್ದಾಯಿತು. "ಇದು ನಮ್ಮವರದು" ಎಂದಳು.

"ಏನು ನಿಮ್ಮವರದು?"

"ದೋಣಿ ಬಡಿಯೂದು. ಮಂಜು ಬಿದ್ದಾಗ ದೋಣಿ ಕಾಣತಿರಲಿಲ್ಲ. ಆವಾಗ ಇವರು ಕೋಲಿಲೆ ದೋಣಿ ಹಲಗಿ ಬಡೀತಿದ್ರು. ಮೂರು, ತಡದು ಎರಡು. ನಾ ದಂಡಿ ಮ್ಯಾಲ ನಿಂತು ಕೇಳೀನಿ. ಅಕ್ಕೋರ, ದೀಪಾ ಹಚ್ರಿ. ಇವರು ಎಲ್ಲ್ಯದಾರ ನೋಡ್ರಿ."

ದೀಪ ಹತ್ತಿತು. ಗಂಡಸರ ಕಡೆ ಎಂಟು ಜನರಿದ್ದರು. ಒಂಬತ್ತನೆಯ ಕುರ್ಚಿ ಖಾಲಿ. ಧ್ವನಿಪೆಟ್ಟಿಗೆ ಮಾತ್ರ ತನ್ನಷ್ಟಕ್ಕೆ ಬಡಿಯುತ್ತಿತ್ತು: ಟಕ್, ಟಕ್, ಟಕ್.

ಸವಿತಾ ಓಡಿದಳು. ಕೇಂದ್ರದ ದೋಣಿಯವನು, ಇನ್ನೊಬ್ಬ ಸಿಬ್ಬಂದಿ ಹಗ್ಗ, ರಬ್ಬರು ಟ್ಯೂಬು ಹಿಡಿದು ಹಿಂದೆ ಓಡಿದರು. ನಾನು ದಂಡೆಗೆ ಬಂದಾಗ ಜಾಗವೇ ಗುರುತು ಸಿಗಲಿಲ್ಲ. ಬಂಡೆಗಳಲ್ಲಿ ಎರಡರ ತುದಿ ಬಿಟ್ಟು ಬೇರೇನೂ ಇರಲಿಲ್ಲ. ಗಾಳಿ ಇಲ್ಲ, ಮೋಡ ಇಲ್ಲ. ಹೊಳೆ ಏರುವಾಗ ಬಣ್ಣ ಬದಲಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ, ಒಂದು ಗದ್ದಲ ಇರುತ್ತದೆ. ಇದು ಯಾರಿಗೂ ಹೇಳದೆ, ತಿಳಿಯಾಗಿಯೇ ಏರಿತ್ತು. ನಾನು ಚಪ್ಪಲಿ ಸಾಲು ಹಾಕಿಸಿದ್ದ ಕಡೆ ಸೊಂಟದ ಮಟ್ಟ ನೀರು.

ಒಂದು ತೆರೆ ಬಂದು ನನ್ನ ಪಾದದ ಬಳಿ ಏನನ್ನೋ ಇಟ್ಟು ಹಿಂದೆ ಸರಿಯಿತು. ಬಗ್ಗಿ ನೋಡಿದೆ. ದಪ್ಪ ಚರ್ಮದ ಒಂದು ಚಪ್ಪಲಿ, ಬಲಗಾಲಿನದು. ಹೆಬ್ಬೆರಳಿನ ಉಂಗುರ ನನ್ನ ಕಡೆಗೆ ತಿರುಗಿತ್ತು. ಯಾರೋ ಮೆಟ್ಟಿಕೊಂಡು ನೀರಿನೊಳಗಿನಿಂದ ನಡೆದು ಬಂದು ಬಿಟ್ಟು ಹೋದ ಹಾಗಿತ್ತು. ನನ್ನ ಮೂವತ್ತೊಂದು ವರ್ಷದ ಲೆಕ್ಕ ಅಲ್ಲಿ ನಿಂತಿತು. ನನ್ನ ಹಿಂದೆಯೇ ಬಂದಿದ್ದ ತಂಗೆವ್ವ ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ಚಪ್ಪಲಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸವಿತಾ ಮತ್ತು ಅವರಿಬ್ಬರು ಹತ್ತಿದ ದೋಣಿ ಬಂಡೆಯನ್ನು ಸುತ್ತಿ ಆ ಬದಿಗೆ ಮರೆಯಾಯಿತು. ಕಾಯುವಾಗ ಗಡಿಯಾರ ನೋಡಲು ನನಗೆ ಅಂದು ಧೈರ್ಯ ಸಾಲಲಿಲ್ಲ. ಸೂರ್ಯ ನೀರಿನಿಂದ ಒಂದು ಗೇಣು ಮೇಲಿದ್ದಾಗ ದೋಣಿ ಮತ್ತೆ ಕಂಡಿತು. ಅದರಲ್ಲಿ ನಾಲ್ಕು ತಲೆ. ನಾನು ಆ ತಲೆಗಳನ್ನು ಮೂರು ಸಲ ಎಣಿಸಿದೆ.

ಸಿದರಾಯಣ್ಣ ಎದೆಮಟ್ಟದ ನೀರಿನಲ್ಲಿ ಬಂಡೆಯನ್ನು ಅಪ್ಪಿಕೊಂಡು ನಿಂತಿದ್ದನಂತೆ. ಬಂಡೆಗಂಟಿದ ಚಿಪ್ಪು ಕೊಯ್ದು ಎಡಗಾಲು ಸೀಳಿತ್ತು, ಈಜಲು ಆಗಿರಲಿಲ್ಲ. ಕೂಗಿದರೆ ಯಾರಿಗೂ ಕೇಳದು ಎಂದು, ಮುಳುಗಿದ ಬಂಡೆಯನ್ನು ಒಂದು ಕಲ್ಲಿನಿಂದ ಬಡಿಯುತ್ತಿದ್ದ. ಅಲ್ಲಿ ಮೈಕು ಇರುವುದು ಅವನಿಗೆ ಗೊತ್ತಿರಲಿಲ್ಲ.

"ಕಡ್ಡಿ ನೋಡಕೋತ ಕುಂತಿದ್ದೆ ಅಕ್ಕೋರ" ಎಂದ, ಹಲ್ಲು ಕಟಕಟಿಸುತ್ತ. "ಹೊಳಿ ಮುಂದಿಂದ ಬರತೈತಿ ಅಂತ ಮುಂದ ನೋಡಿದೆ. ಕಡ್ಡಿ ಮುಳಗಿತು ಅಂತ ಎದ್ದು ತಿರುಗಿದ್ರ, ನನ್ನ ಬೆನ್ನ ಹಿಂದ ಹಾದೀನ ಇರಲಿಲ್ಲ."

ತಂಗೆವ್ವ ಸೆರಗಿನಿಂದ ಅವನ ತಲೆ ಒರೆಸಿದಳು. "ಚಂದ್ರ ಎಳದ್ನೋ ಇಲ್ಲೋ?" ಎಂದಳು. ಆಮೇಲೆ ಅತ್ತಳು.

ಸಭಾಂಗಣಕ್ಕೆ ಕರೆತಂದು ಕಂಬಳಿ ಹೊದಿಸಿದೆವು. ವೈದ್ಯರು ಬಂದು ಕಾಲಿಗೆ ನಾಲ್ಕು ಹೊಲಿಗೆ ಹಾಕಿ, ಗಾಬರಿಯೇನಿಲ್ಲ ಎಂದರು. ನಾನು ಎಲ್ಲರ ಎದುರಿಗೇ ಸವಿತಾಗೆ ಹೇಳಿದೆ: "ನೀ ಗಾಳಿಮರದ ಬುಡಕ ಅಂದಿದ್ದಿ. ನಾ ಕೇಳಲಿಲ್ಲ. ತಪ್ಪು ನಂದು." ಅವಳು ನೆಲ ನೋಡಿದಳು. "ನಾನೂ ನಿಮಗ ಎದರಾಡಬೇಕಿತ್ರಿ ಅಕ್ಕೋರ" ಎಂದಳು.

ಆಗ ಸದ್ದು ಕೇಳಿತು. ಗದ್ದಲದಲ್ಲಿ ಯಾರೂ ಧ್ವನಿಪೆಟ್ಟಿಗೆಯನ್ನು ನಿಲ್ಲಿಸಿರಲಿಲ್ಲ. ಚಟಪಟ ಸದ್ದಿನ ನಡುವೆ, ದೂರದಿಂದ: ಟಕ್, ಟಕ್, ಟಕ್. ತಡೆದು ಟಕ್, ಟಕ್.

ಎಲ್ಲರೂ ಸಿದರಾಯಣ್ಣನನ್ನು ನೋಡಿದೆವು. ಅವನ ಎರಡೂ ಕೈ ಚಹಾದ ಲೋಟದ ಮೇಲಿದ್ದವು.

"ಕಲ್ಲು ಉರುಳ್ತಿರಬೇಕ್ರಿ. ನೀರು ಏರೂ ಭರತದ ಹೊತ್ತಿನ್ಯಾಗ ಹಂಗ ಆಗತೈತಿ" ಎಂದಳು ಸವಿತಾ. ಆದರೆ ಗುಂಡಿ ಒತ್ತಲು ಅವಳ ಕೈ ಮುಂದೆ ಹೋಗಲಿಲ್ಲ.

ಸಿದರಾಯಣ್ಣ ಮಾತ್ರ ಹೆದರಲಿಲ್ಲ. ಹಳೆಯ ಪರಿಚಯದವರ ದನಿ ಕೇಳಿದವನಂತೆ ತಲೆಯಾಡಿಸಿದ. "ನಾ ಬಡದಾಗೆಲ್ಲಾ ಅದು ಹೊಳ್ಳಿ ಬಡೀತಿತ್ರಿ. ಹೊಳ್ಯಾಗ ಒಂದು ದೋಣಿ ಬಡದ್ರ ಇನ್ನೊಂದು ದೋಣಿಯಾವ ಹೊಳ್ಳಿ ಬಡೀಬೇಕು, ಅದು ನಮ್ಮ ರಿವಾಜು. ನಾ ನೀವ ಬಡ್ಯಾಕತ್ತೀರಿ ಅಂತ ತಿಳದಿದ್ದೆ. ಅದಕ್ಕ ಕೈ ಬಿಡಲಿಲ್ಲ."

ನಮ್ಮಲ್ಲಿ ಯಾರೂ ಬಡಿದಿರಲಿಲ್ಲ.

"ಬಂದ್ ಮಾಡ್ರಿ ಅದನ್ನ" ಎಂದಳು ತಂಗೆವ್ವ. ನಾನು ಎದ್ದು ಹೋಗಿ ಗುಂಡಿ ಒತ್ತಿದೆ. ಒತ್ತುವ ಮುನ್ನ ಇನ್ನೊಂದು ಸಲ ಮೂರು ಬಡಿತ ಬಂತು. ಎರಡಕ್ಕೆ ಕಾಯಲಿಲ್ಲ.

ಸವಿತಾ ಆಮೇಲೂ ಫೋನು ಮಾಡುತ್ತಾಳೆ. ಭರತದ ಹೊತ್ತಿನಲ್ಲಿ ಎಷ್ಟೋ ದಿನ ಕೂತು ಕೇಳಿದ್ದಾಳಂತೆ, ಮತ್ತೆ ಕೇಳಿಲ್ಲವಂತೆ. ಕಲ್ಲೇ ಇರಬೇಕು ಎಂದು ನಾನೂ ಒಪ್ಪಿದ್ದೇನೆ. ಆದರೂ ಮಂಜು ಬಿದ್ದ ಬೆಳಗಿನಲ್ಲಿ ಹೊಳೆಯ ಕಡೆ ವಾಯುವಿಹಾರಕ್ಕೆ ಹೋದಾಗ, ನನ್ನ ಕೋಲನ್ನು ನೆಲಕ್ಕೆ ಕುಟ್ಟದೆ ಎತ್ತಿ ಹಿಡಿದುಕೊಂಡೇ ನಡೆಯುತ್ತೇನೆ. ಚಪ್ಪಲಿ ಎಣಿಸುವುದನ್ನು ಅಂದಿಗೇ ಬಿಟ್ಟೆ.

ಆ ದಿನ ರಾತ್ರಿ ಊಟ ಮುಗಿಸಿ, ಎಂಟು ಗಂಟೆಗೆ ಕೇಂದ್ರದ ವಸತಿಗೃಹದಲ್ಲಿ ಎಲ್ಲರನ್ನೂ ಅವರವರ ಹಾಸಿಗೆಯ ಮೇಲೆ ಕೂರಿಸಿದೆ. ಒಬ್ಬೊಬ್ಬರ ಹತ್ತಿರ ಹೋಗಿ, ಹೆಸರು ಕೂಗಿ, ಹೆಗಲ ಮೇಲೆ ಕೈಯಿಟ್ಟು ಎಣಿಸಿದೆ. ಸಿದರಾಯಣ್ಣನ ಹೆಗಲು ಇನ್ನೂ ತಣ್ಣಗಿತ್ತು. "ಅದೀನ್ರಿ ಅಕ್ಕೋರ" ಎಂದ. ನನ್ನನ್ನೂ ಸೇರಿಸಿ ಇಪ್ಪತ್ತೆರಡು. ಅವನ ಒಂಟಿ ಚಪ್ಪಲಿಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬಾಗಿಲ ಒಳಗಡೆ ಇಟ್ಟೆ. ಚಿಲಕ ಹಾಕಿದೆ.