ಕಲ್ಲವ್ವನ ಹೆಸರಿಗೆ ಬೇಕಾದ ಜಾಗ

ಗೆಳೆಯರೇ, ಇವತ್ತು ಗೋಕಾಕದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಹೆಸರಿಗಾಗಿ ವಾದವಾಯಿತು. ಕಂಪ್ಯೂಟರಿನ ಸಿ ಭಾಷೆಯಲ್ಲಿ ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಸ್ಟ್ರಕ್ಚರ್ ಕಲಿಸುತ್ತಿದ್ದೆ. ಅದರಲ್ಲಿ ಎರಡು ಮೆಂಬರ್, ಅಂದರೆ ಖಾನೆ: ಹೆಸರಿಗೆ ಇಪ್ಪತ್ತು ಬೈಟ್ ಜಾಗ, ವಯಸ್ಸಿಗೆ ನಾಲ್ಕು. ಕೌಜಲಗಿಯಿಂದ ಬರುವ ವಿದ್ಯಾರ್ಥಿನಿ ಸುಜಾತಾ ತನ್ನ ತಾಯಿ ಕಲ್ಲವ್ವನ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿದಳು. ಪರದೆಯ ಮೇಲೆ ‘ಕಲ್ಲವ್’ ಎಂದಷ್ಟೇ ಬಂತು.

“ಸರ, ನಮ್ಮವ್ವನ ಹೆಸರು ತುಂಡಾಗೇತ್ರಿ.”

“ಇಂಗ್ಲಿಷ್‌ನ್ಯಾಗ ಬರಿಯವಾ, ಕುಂದರತೈತಿ.”

“ಅಕಿಗೆ ಇಂಗ್ಲಿಷ್ ಓದಾಕ ಬರಂಗಿಲ್ರಿ. ಸ್ಕ್ರೀನಿನ ಫೋಟೊ ಕಳಸ್ತೇನಂತ ಹೇಳಿ ಬಂದೇನ್ರಿ.”

ಎಷ್ಟು ಬೈಟ್ ಎಂದು ಹೇಳುವ ಸೈಜ್‌ಆಫ್ ಬಳಸಿ ಆ ಮೆಂಬರ್‌ನ ಅಳತೆ ನೋಡು ಎಂದೆ. ಇಪ್ಪತ್ತೇ ಇತ್ತು. ಕನ್ನಡದ ಅಕ್ಷರಕ್ಕೂ ಚಿಹ್ನೆಗೂ ತಲಾ ಮೂರು ಬೈಟ್ ಬೇಕು. ಒತ್ತಕ್ಷರಗಳನ್ನೂ ಎಣಿಸಿದರೆ ಇಪ್ಪತ್ತೊಂದಾಗುವ ಕಲ್ಲವ್ವ ಇಪ್ಪತ್ತರಲ್ಲಿ ಹಿಡಿಯುವವಳಲ್ಲ. ಅರವತ್ತು ಮಾಡಿದೆವು. ಹೆಸರು ಪೂರ್ತಿ ಬಂತು, ಸುಜಾತಾಳ ಮುಖ ಅರಳಿತು, ಫೋಟೊ ಹೋಯಿತು.

ಸ್ವಲ್ಪ ಹೊತ್ತಿಗೆ ತಾಯಿಯ ಧ್ವನಿ ಸಂದೇಶ ಬಂತು. ಸುಜಾತಾ ಅದನ್ನು ಎಲ್ಲರಿಗೂ ಕೇಳಿಸಿದಳು: “ಚಲೋ ಬಂದೈತವಾ. ಬಾಜೂಕ ನಿಮ್ಮಪ್ಪನ ಹೆಸರೂ ಹಾಕು, ಇಲ್ಲಾಂದ್ರ ಸಿಟ್ಟ ಮಾಡ್ಕೋತಾರ.”

ಅಪ್ಪನ ಹೆಸರಿಗೆ ಮೂರನೆಯ ಮೆಂಬರ್ ಸೇರಿಸಿದೆವು. ನೋಡಿದರೆ ಇಡೀ ತರಗತಿ ತಂತಮ್ಮ ಮನೆಯವರ ಹೆಸರು ಟೈಪ್ ಮಾಡುತ್ತಿತ್ತು. ಪಾಠ ಮುಂದೆ ಹೋಗಲಿಲ್ಲ, ನನಗೆ ಬೇಸರವೂ ಆಗಲಿಲ್ಲ.