ಪಾದ್ರಿ ಗುಡಿಯ ಹಿಂದಿನ ಕಂಬಗಳು

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ನಮ್ಮೂರ ಚರ್ಚಿನ ಕಂಬಗಳ ಬುಡಕ್ಕೆ ಗೇರೆಣ್ಣೆ ಹಚ್ಚುವ ಕೆಲಸ ನನ್ನದಾಗಿತ್ತು. ನಾನು ಹಚ್ಚಲಿಲ್ಲ. ಅಪ್ಪ ತೀರಿದ ಮೇಲೆ ಒಂದು ವರ್ಷವೂ ಹಚ್ಚಲಿಲ್ಲ. ತಾನು ಹಚ್ಚುತ್ತೇನೆ ಎಂದ ಅಕ್ಕನಿಗೂ ಬಿಡಲಿಲ್ಲ.

ನಮ್ಮದು ಬಮ್ಮಿಗಟ್ಟಿಯಿಂದಾಚೆ, ಅಡವಿಯ ಬಾಜು ಇರುವ ಸಣ್ಣ ಊರು. ಅಜ್ಜನ ಕಾಲದಲ್ಲಿ ಬಂದ ಒಬ್ಬ ಬಿಳಿ ಪಾದ್ರಿ, ಸಾಗವಾನಿ ಕೈಗೆ ಸಿಗುವಾಗ ಕಲ್ಲು ಯಾಕೆ ಎಂದು ಇಡೀ ಚರ್ಚನ್ನೇ ಕಟ್ಟಿಗೆಯಲ್ಲಿ ನಿಲ್ಲಿಸಿದರಂತೆ. ಕಂಬ ಕಟ್ಟಿಗೆ, ಗೋಡೆ ಕಟ್ಟಿಗೆ, ಕಾಲಿಡುವ ನೆಲವೂ ಕಟ್ಟಿಗೆ. ಮೇಲೆ ಮಾತ್ರ ಮಂಗಳೂರು ಹೆಂಚು. ಊರವರು ಅದನ್ನು ಪಾದ್ರಿ ಗುಡಿ ಎನ್ನುತ್ತಿದ್ದರು. ಒರಲೆ, ಅಂದರೆ ಗೆದ್ದಲು, ಹುತ್ತ ಕಟ್ಟುವ ನೆಲದಲ್ಲಿ ಕಟ್ಟಿಗೆಯ ಗುಡಿ. ಆ ಪುಣ್ಯಾತ್ಮನನ್ನು ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಕಟ್ಟಿದವರು ಹಡಗು ಹತ್ತಿ ಹೋದರು, ಎಣ್ಣೆ ಹಚ್ಚುವ ಕೆಲಸ ನಮ್ಮ ಮನೆಗೆ ಅಂಟಿಕೊಂಡಿತು.

ಗೇರೆಣ್ಣೆ ಎಂದರೆ ಗೋಡಂಬಿಯ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ; ಅದು ಹಚ್ಚಿದ ಕಟ್ಟಿಗೆಯನ್ನು ಒರಲೆ ಮುಟ್ಟುವುದಿಲ್ಲ. ಮೈಗೆ ತಾಗಿದರೆ ಸುಟ್ಟಂತೆ ಬೊಕ್ಕೆ ಏಳುತ್ತವೆ, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಅಪ್ಪ ಕೈಗೆಲ್ಲ ಕೊಬ್ಬರಿ ಎಣ್ಣೆ ಬಳಿದುಕೊಂಡು ಕೂಡುತ್ತಿದ್ದ. ಆದರೂ ಅವನ ಬೆರಳ ಸಂದಿಗಳಲ್ಲಿ ಆ ಕಲೆಗಳು ಸಾಯುವವರೆಗೂ ಇದ್ದವು. ನನಗೆ ಅದು ಬೇಡವಾಗಿತ್ತು. ಆದರೆ ಬೇಡ ಎನ್ನಲೂ ಬಾಯಿ ಬರಲಿಲ್ಲ.

'ನಿನಗ ಆಗೂದಿಲ್ಲಂದ್ರ ನಾ ಹಚ್ಚತೀನಿ' ಎಂದಳು ಅಕ್ಕ.

'ಗಂಡಸ ಮನಿಯಾಗ ಇರೂವಾಗ ನೀ ಡಬ್ಬಿ ಹಿಡಕೊಂಡ ಕುಂತ್ರ ಊರಾಗ ನನ್ನ ಮುಖಕ್ಕ ಉಗಳತಾರ. ನಾ ಹಚ್ಚತೀನಿ, ಸುಮ್ನಿರು.'

ಎಂಬತ್ತರ ದಶಕದ ಹೊತ್ತಿಗೆ ನಮ್ಮ ಚರ್ಚಿನ ಜನ ಹುಬ್ಬಳ್ಳಿಯ ಗಿರಣಿಗಳ ಕಡೆ ಹೊರಟುಹೋಗಿದ್ದರು. ಅವರ ಪೈಕಿ ಊರಲ್ಲಿ ಉಳಿದದ್ದು ನಮ್ಮದೊಂದೇ ಮನೆ. ಧಾರವಾಡದ ಪಾದ್ರಿಯವರು ಕ್ರಿಸ್‌ಮಸ್ಸಿಗೆ ಬಂದರೆ ಬಂದರು. ಗುಡಿ ಖಾಲಿ ಬಿದ್ದ ಮೇಲೆ ಊರಿಗೆಲ್ಲ ಅದರ ಮೇಲೆ ಪ್ರೀತಿ ಬಂತು. ಒಬ್ಬ ಗೊಬ್ಬರದ ಚೀಲ ಇಡೋಣ ಎಂದ, ಇನ್ನೊಬ್ಬ ಹಾಲಿನ ಡೇರಿ ಮಾಡೋಣ ಎಂದ. ಮೆಟ್ಟಿಲ ಮೇಲೆ ಕೂತು ಎಲೆಯಡಿಕೆ ಉಗುಳುತ್ತ ಒಂದು ಬೇಸಿಗೆಯನ್ನೇ ಕಳೆದರು. ಅದೇ ಬೇಸಿಗೆಯಲ್ಲಿ ಅಕ್ಕ ಧಾರವಾಡಕ್ಕೆ ಹೋಗಿ, ಪಾದ್ರಿಯವರನ್ನು ಕೇಳಿ, ಬಾಲವಾಡಿ ನಡೆಸಲು ಒಪ್ಪಿಗೆ ತಂದಳು.

ಗೌಡರ ಮನೆಯ ಅಜ್ಜಿ, 'ಪಾದ್ರಿ ಗುಡಿಯಾಗ ನಮ್ಮ ಹುಡುಗೂರು ಹೆಂಗ ಕುಂಡ್ರಬೇಕು' ಎಂದು ತಕರಾರು ತೆಗೆದಾಗ ಗೌಡರೇ ಬಾಯಿ ಮುಚ್ಚಿಸಿದರು. 'ಅಲ್ಲೆ ಮಳಿ ಸೋರೂದಿಲ್ಲಬೇ. ನಿನ್ನ ಪಡಸಾಲಿ ಸೋರತೈತಿ. ಯಾವ ದೇವರು ಬೇಕು ನೀನ ಹೇಳು.'

ಹೀಗೆ ಅಕ್ಕ ಊರಿಗೆಲ್ಲ ಪಾಠ ಹೇಳುವ ಅಕ್ಕೋರಾದಳು. ಏಳನೆಯ ಇಯತ್ತೆ ಕಲಿತವಳು ಆಕೆ, ನಾನು ನಾಲ್ಕಕ್ಕೇ ಬಿಟ್ಟವನು. ಮದುವೆ ಬೇಡ ಎಂದು ಕೂತವಳಿಗೆ ಆ ಬಾಲವಾಡಿಯೇ ಮನೆ, ಅದೇ ಮಕ್ಕಳು. ಗುಡಿಯ ಮುಂದಿನ ಅರ್ಧದಲ್ಲಿ ಮಕ್ಕಳು ಕೂಡುತ್ತಿದ್ದರು. ಹಿಂದಿನ ಅರ್ಧದಲ್ಲಿ ನಾನು ಭತ್ತದ ಹುಲ್ಲು ಒಟ್ಟಿದೆ.

ಹೌದು, ಕಂಬಗಳಿಗೆ ಒತ್ತಿ, ಮಾಡಿನವರೆಗೆ. ನನ್ನ ಕೊಟ್ಟಿಗೆ ಸೋರುತ್ತಿತ್ತು. ಒರಲೆಗೆ ಹುಲ್ಲೆಂದರೆ ಔತಣ ಎಂಬುದು ಎತ್ತು ಕಟ್ಟಿದ ಯಾವ ಮನುಷ್ಯನಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು.

'ಹುಲ್ಲ ಯಾವಾಗ ತಗೀತೀಪಾ?' ಎಂದು ಅಕ್ಕ ಪ್ರತಿ ಬೇಸಿಗೆಯಲ್ಲಿ ಕೇಳುತ್ತಿದ್ದಳು.

'ನಾಳಿ ತಗೀತೀನಿ.'

'ಎಣ್ಣಿ?'

'ಹಚ್ಚತೀನಿ ಬಿಡಬೇ. ಗುಡಿ ಏನ್ ಎದ್ದ ಓಡಿ ಹೋಗತೈತಿ?'

ಕಲಘಟಗಿ ಸಂತೆಯಿಂದ ಆಕೆಯೇ ತಂದಿಟ್ಟ ಎಣ್ಣೆಯನ್ನು ನಾನು ನನ್ನ ಚಕ್ಕಡಿಯ ನೊಗಕ್ಕೆ ಬಳಿದೆ. ನೊಗ ಹಿಡಿದು ಬಳಿಯುವಾಗ ಬೊಕ್ಕೆಯ ಹೆದರಿಕೆ ಎಲ್ಲಿ ಹೋಗಿತ್ತೋ ಕಾಣೆ. ನನಗೆ ಸಿಟ್ಟು ಬರುತ್ತಿದ್ದದ್ದು ಏನೆಂದರೆ, ಅಕ್ಕ ಒಂದು ಸಲ ಕೇಳಿ ಸುಮ್ಮನಾಗಿಬಿಡುತ್ತಿದ್ದಳು. ಜಗಳ ತೆಗೆದಿದ್ದರೆ ನಾನೂ ಕೂಗಾಡಿ, ಆಮೇಲೆ ನಾಚಿಕೆಯಿಂದಾದರೂ ಮಾಡುತ್ತಿದ್ದೆನೇನೋ. ನೋಡಿ, ತಪ್ಪು ನನ್ನದೇ ಆದರೂ ದೂರು ಆಕೆಯ ಮೇಲೆಯೇ.

ಒಂದು ಮಳೆಗಾಲದ ಬೆಳಗ್ಗೆ ಬಾಲವಾಡಿ ನೋಡಲು ಮೇಲ್ವಿಚಾರಕಿ ಬಂದರು. ಹುಲ್ಲಿನ ವಾಸನೆ ಹಿಡಿದು ಹಿಂದಕ್ಕೆ ಹೋದವರು, ಕೊಡೆಯನ್ನು ಒಂದು ಕಂಬಕ್ಕೆ ಊರಿ ನಿಂತರು. ಮೊನೆ ಬೆಣ್ಣೆಯೊಳಗೆ ಹೋದಂತೆ ಒಳಗೆ ಹೋಯಿತು. ಎಳೆದರೆ ಮಣ್ಣು ಸುರಿಯಿತು, ಮಣ್ಣಿನ ಜೊತೆ ಬಿಳಿ ಹುಳ.

'ಅಕ್ಕೋರ, ಇದನ್ನ ನೀವು ನೋಡೇ ಇಲ್ಲೇನ್ರಿ? ಮಕ್ಕಳ ತಲಿ ಮ್ಯಾಲ ಬಿದ್ದಿದ್ರ?'

ಅಕ್ಕ ನನ್ನ ಕಡೆ ನೋಡಿದಳು. ನಾನು ಹುಲ್ಲಿನ ಹೊರೆ ಕಟ್ಟುತ್ತ ಅಲ್ಲಿಯೇ ಇದ್ದೆ. 'ಹಳೇ ಕಟ್ಟಿಗಿರಿ ಬಾಯಾರ, ಅದಕ್ಕ ಯಾರು ಏನ್ ಮಾಡಾಕ ಬರತೈತಿ' ಎಂದೆ. ಅಕ್ಕ ತಲೆ ತಗ್ಗಿಸಿದಳು. ಮರುದಿನದಿಂದ ಗುಡಿಗೆ ಕೀಲಿ ಬಿತ್ತು.

ಮಳೆ ನಿಂತ ಮೇಲೆ ಧಾರವಾಡದ ಪಾದ್ರಿಯವರು ಬಂದರು. ಗೌಡರು ಬಂದರು, ಊರು ಕೂಡಿತು. ಕೆಡವಿ ಕಟ್ಟಿಗೆ ಮಾರುವುದೋ, ಹಿಂದಿನದನ್ನು ಕತ್ತರಿಸಿ ಮುಂದಿನ ಅರ್ಧವನ್ನು ಬಾಲವಾಡಿಗೆ ಉಳಿಸುವುದೋ ಎಂಬ ಮಾತು. ಮತ್ತೆ ಅದೇ ಮೆಟ್ಟಿಲು, ಅದೇ ಎಲೆಯಡಿಕೆ, ತಲೆಗೊಂದು ಮಾತು. ನನಗೆ ತಲೆ ಸಿಡಿಯುತ್ತಿತ್ತು.

'ಉಳಸಬೇಕಂದ್ರ ಯಾರ ನಂಬಿಕಿ ಮ್ಯಾಲ ಉಳಸೋದ್ರಿ?' ಎಂದರು ಪಾದ್ರಿಯವರು. 'ಕೀಲಿ ಅಕ್ಕೋರ ಕೈಯಾಗ ಇತ್ತು. ಅವರ ಕಣ್ಣ ಮುಂದ ಅರ್ಧಾ ಗುಡಿ ಮಣ್ಣಾತು.'

ಪಾದ್ರಿಯವರು ಎದ್ದು ಮುಂದಿನ ಕಂಬಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದರು. ಎಲ್ಲವೂ ಗಟ್ಟಿ ಸದ್ದು ಕೊಟ್ಟವು. ಬಗ್ಗಿ ಬುಡ ನೋಡಿದರು. ಬುಡ ಕಪ್ಪಗೆ ಮಿಂಚುತ್ತಿತ್ತು.

'ಇವು ಹೆಂಗ ಉಳದಾವಪಾ?' ಎಂದು ನನ್ನನ್ನೇ ಕೇಳಿದರು.

ನನಗೂ ತಿಳಿಯಲಿಲ್ಲ. ಅಕ್ಕನ ಕಡೆ ನೋಡಿದೆ. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಬೆರಳ ಸಂದಿಗಳಲ್ಲಿ ಅಪ್ಪನ ಕೈಯಲ್ಲಿದ್ದಂಥವೇ ಕಲೆಗಳು. ರೊಟ್ಟಿ ಹಂಚು ತಾಗಿತು ಎಂದು ವರ್ಷವರ್ಷ ಹೇಳುತ್ತಿದ್ದಳು; ನಾನು ರೊಟ್ಟಿ ಮುರಿದು ತಿನ್ನುತ್ತ ಹೂಂ ಎನ್ನುತ್ತಿದ್ದೆ. ಊರು ನನ್ನ ಮುಖಕ್ಕೆ ಉಗುಳಬಾರದೆಂದು ಬೇರೆ ಎಣ್ಣೆ ತಂದು, ಯಾರೂ ಏಳದ ಹೊತ್ತಿನಲ್ಲಿ ಬಂದು ಹಚ್ಚಿದ್ದಾಳೆ. ಹಿಂದಿನ ಕಂಬಗಳಿಗೆ ಮಾತ್ರ ಆಕೆಯ ಕೈ ಮುಟ್ಟಿಲ್ಲ. ಅಲ್ಲಿ ನನ್ನ ಹುಲ್ಲಿತ್ತು.

ಇಷ್ಟಾದರೂ ಆಕೆ ಬಾಯಿ ಬಿಡಲೊಲ್ಲಳು. ನನಗೆ ಆಕೆಯ ಮೇಲೆ, ಆ ಕಟ್ಟಿಗೆಯ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಸಿಟ್ಟು ಬಂದು ಸಾಕಾಗಿಹೋಯಿತು. ಎದ್ದು ನಿಂತೆ.

'ಅಕ್ಕೋರ ಮ್ಯಾಲ ಹಾಕಬ್ಯಾಡ್ರಿ' ಎಂದೆ. 'ಇವು ಉಳದಿದ್ದು ಆಕಿ ಕೈಯಿಂದ. ಹಿಂದಿನವು ಹೋಗಿದ್ದು ನನ್ನ ಕೈಯಿಂದ. ಹುಲ್ಲು ನಂದು. ಎಣ್ಣಿನೂ ನನ್ನ ನೊಗಕ್ಕ ಹೋತು.'

ಗೌಡರು ಬಾಯಲ್ಲಿದ್ದ ಎಲೆಯಡಿಕೆಯನ್ನು ಜಗಿಯುವುದು ಬಿಟ್ಟರು. ನಾನು ಅಕ್ಕನ ಕಡೆ ತಿರುಗಿದೆ.

'ಹಳೇ ಕಟ್ಟಿಗಿ ಅಂತ ಅವತ್ತ ನಿನ್ನ ಎದುರಿಗೇ ಸುಳ್ಳ ಹೇಳಿದ್ನಿ. ತಪ್ಪಾತಬೇ ಅಕ್ಕಾ. ನನ್ನಿಂದ ತಪ್ಪಾತು.'