ನಾಮ ಹಾಕುವ ಆಟ

ಮೂರು ವರ್ಷ ನಾನು ತಮಿಳು ಸೀಮೆಯ ಸಿಂಗಾನಲ್ಲೂರಿನ ಮೈದಾನವೊಂದರಲ್ಲಿ ಸಂಜೆಯಾದರೆ ಎದುರಿಗೆ ಬಂದವರಿಗೆಲ್ಲ ನಾಮ ಹಾಕಿದ್ದೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದವರು ಬೇರೆಯವರು.

ಎಂಬತ್ತರ ದಶಕ. ನಾನು ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಚೆಂಡು ಪುಟಿಸುತ್ತ ಓಡುವಾಗ ಎದುರಾಳಿಯನ್ನು ಬೇಸ್ತು ಬೀಳಿಸುವ ವರಸೆಗಳಿಗೆ ಪುಸ್ತಕದಲ್ಲಿ ಇಂಗ್ಲಿಷ್ ಹೆಸರುಗಳಿದ್ದವು; ನಮ್ಮ ಬಾಯಲ್ಲಿ ಅವು ನಿಲ್ಲಲಿಲ್ಲ. ಬಲಕ್ಕೆ ಭುಜ ತೋರಿಸಿ ಎಡಕ್ಕೆ ಜಾರಿದರೆ ಅದು ‘ಪೊಯ್’, ಅಂದರೆ ಸುಳ್ಳು. ಬಲಗೈಯಿಂದ ನೆಲಕ್ಕೆ ಬಡಿದ ಚೆಂಡು ಎದುರಿನವಳ ಮೂಗಿನ ಕೆಳಗೇ ಎಡಗೈಗೆ ಎದ್ದು ಬಂದರೆ ಅದು ‘ನಾಮಂ’. ಚೆಂಡು ಇಳಿದು ಏರುವ ದಾರಿ ಹಣೆಯ ನಾಮದ ಹಾಗೇ ಇರುತ್ತದೆ. ತಮಿಳರೂ ಮನೆಯಲ್ಲಿ ಕನ್ನಡವಾಡುವ ನಾವೂ ಮೋಸಕ್ಕೆ ಒಂದೇ ಮಾತನ್ನು ಇಟ್ಟುಕೊಂಡಿರುವುದರಿಂದ ನನಗೆ ಅನುವಾದದ ಕಷ್ಟವೂ ಇರಲಿಲ್ಲ. ಆದರೆ ಅದು ಕೈಗೆ ಹತ್ತಲು ಆರು ತಿಂಗಳು ಬೇಕಾಯಿತು. ಎಡಗೈ ಪಳಗಲೆಂದು ಎಡಗೈಯಲ್ಲೇ ದೋಸೆ ಹುಯ್ದು, ಎಡಗೈಯಲ್ಲೇ ಬಾಗಿಲಿಗೆ ರಂಗೋಲಿ ಹಾಕಿ ಅಮ್ಮನಿಂದ ಬೈಸಿಕೊಂಡೆ.

ಒಂದು ಶನಿವಾರ ಕುರಿಚಿಯಲ್ಲಿ ಪಂದ್ಯ. ನಮಗಿಂತ ಮುಂಚೆ ಹುಡುಗರು ಆಡಿದರು. ಅವರಲ್ಲೊಬ್ಬ ಇದೇ ನಾಮ ಹಾಕಿದಾಗ ರೆಫರಿ ನಗುತ್ತ ತಲೆದೂಗಿದ್ದನ್ನು ನಾನೇ ನೋಡಿದೆ. ನಮ್ಮ ಪಂದ್ಯ ಮುಗಿಯಲು ಅರ್ಧ ನಿಮಿಷವಿತ್ತು, ನಾವು ಒಂದು ಅಂಕ ಹಿಂದೆ. ನಾಮ ಹಾಕಿದೆ. ಎದುರಿನವಳು ಕಾಲು ತೊಡರಿ ನೆಲಕ್ಕೆ ಕುಳಿತಳು. ಬುಟ್ಟಿಯ ಮುಂದೆ ಯಾರೂ ಇರಲಿಲ್ಲ. ಆಗ ಸೀಟಿ ಕೇಳಿಸಿತು.

“ಪೊಂಬಳೆಪ್ಪುಳ್ಳೆ ಇಪ್ಪಡಿ ಏಮಾತ್ತಲಾಮಾ?” ಎಂದರು ಅದೇ ರೆಫರಿ. ಹೆಣ್ಣುಮಗಳು ಹೀಗೆ ಮೋಸ ಮಾಡಬಹುದೇ ಎಂದು. ಚೆಂಡನ್ನು ಎದುರು ತಂಡಕ್ಕೆ ಕೊಟ್ಟರು. ನೀವೇ ಹೇಳಿ, ಹುಡುಗನ ಕೈಯಲ್ಲಿ ಚಮತ್ಕಾರವಾದದ್ದು ನನ್ನ ಕೈಗೆ ಬರುವಷ್ಟರಲ್ಲಿ ನಡತೆಗೇಡಾಗುವುದು ಹೇಗೆ?

ನನ್ನ ಆಟ ನೋಡಲು ಅಪ್ಪ ಬಂದದ್ದು ಅದೇ ಮೊದಲು. ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುವವರು; ಕೂದಲೆಳೆಯಷ್ಟು ಅಳತೆ ತಪ್ಪಿದರೂ ಸಹಿಸದವರು. ಎದ್ದು ಬಂದು ಮೆಲ್ಲಗೆ ಕೇಳಿದರು: “ಎಂದ ರೂಲ್ ಸಾರ್?” ಯಾವ ನಿಯಮದ ಪ್ರಕಾರ ಎಂದು.

“ರೂಲ್ ಎಲ್ಲಾಂ ಇಲ್ಲೀಂಗ. ಒಳುಕ್ಕಂ,” ಎಂದರು ರೆಫರಿ. ನಿಯಮವಲ್ಲವಂತೆ, ಸನ್ನಡತೆಯಂತೆ.

ಸೋತೆವು. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅಳುತ್ತಲೇ ಇದ್ದೆ. ವಾರದೊಳಗೆ ಅಪ್ಪ ಎಲ್ಲಿಂದಲೋ ಆಟದ ನಿಯಮಗಳ ಪುಸ್ತಕ ತಂದು, ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತ ಓದಿ ಮುಗಿಸಿದರು. ಆಮೇಲೆ ಅಂಗಳದಲ್ಲಿ ಪಂಚೆ ಎತ್ತಿಕಟ್ಟಿ ನನ್ನೆದುರು ನಿಂತು, “ಹಾಕು, ನೋಡಾಣ,” ಎಂದರು. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಮೋಸಹೋದರು. ಐದನೆಯ ಸಲ ನೆಲಕ್ಕೆ ಮಂಡಿಯೂರಿ ನನ್ನ ಅಂಗೈಯನ್ನೇ ನೋಡಿದರು.

“ಕೈ ಚೆಂಡಿನ ಅಡಿಗೆ ಹೋಗ್ದಿದ್ರೆ ತಪ್ಪೇ ಇಲ್ಲ, ಕಣ್ಣು. ಚೆಂಡು ಮಂಡಿಗಿಂತ ಕೆಳಗೇ ಇದ್ರೆ ಕೈ ಅಡಿಗೆ ಹೋಗೋದೇ ಇಲ್ಲ. ಅವ್ರು ಸೀಟಿ ಊದಿದ್ದೇ ತಪ್ಪು.” ಮುದ್ದಿಗೆ ಅಪ್ಪ ನನ್ನನ್ನು ಕರೆಯುತ್ತಿದ್ದದ್ದೇ ‘ಕಣ್ಣು’ ಎಂದು.

ಮುಂದಿನ ತಿಂಗಳ ಪಂದ್ಯಕ್ಕೂ ಅದೇ ರೆಫರಿ. ಅಪ್ಪ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ತೆರೆದ ಪುಸ್ತಕ. ಮೊದಲ ನಿಮಿಷದಲ್ಲೇ ನಾಮ ಹಾಕಿದೆ. ಸೀಟಿ ತುಟಿಯವರೆಗೆ ಹೋಯಿತು. ರೆಫರಿ ಅಪ್ಪನತ್ತ ನೋಡಿದರು. ಸೀಟಿ ಕೆಳಗಿಳಿಯಿತು. ಆ ದಿನ ಏಳು ಸಲ ಹಾಕಿದೆ. ಅದರಲ್ಲಿ ನಾಲ್ಕು ಬೇಕೇ ಇರಲಿಲ್ಲ.

ಗೆದ್ದು ಬರುವಾಗ ಬಸ್ಸಿನಲ್ಲಿ ಹೇಳಿದೆ: “ಹೋದ್ ಸಲದ ಕೋಪ ಇನ್ನೂ ಇಳ್ದಿಲ್ಲಪ್ಪಾ.”

ಅಪ್ಪ ಟಿಕೆಟ್ ಮಡಿಸಿ ಜೇಬಿಗಿಟ್ಟರು. “ಕೋಪ ಎಷ್ಟಾದ್ರೂ ಮೇಲೇರ್ಲಿ, ಕಣ್ಣು. ಚೆಂಡು ಮಾತ್ರ ಮಂಡಿ ದಾಟ್ಬಾರ್ದು.”